ಹಿಂದೆ ಹೋದಂತೆ ಕುಗ್ಗುವ ಬೀದಿ

ಮಾರ್ಚ್ 2, ಸೋಮವಾರ

ಆತ್ಮಸಾಕ್ಷಿಯ ಘನ ನ್ಯಾಯಾಲಯದಲ್ಲಿ ಆರೋಪಿಯ ಸವಿನಯ ನಿವೇದನೆ: ಈ ದಿನ ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ತೆರಳಿದ ಶುಭಮುಹೂರ್ತದಲ್ಲಿ, ಅವಳ ತವರಿನಿಂದ ಬಂದ ಡಬಲ್ ಬೆಡ್‌ಶೀಟನ್ನು ಬೀರುವಿನಿಂದ ಅಪಹರಿಸಿದ್ದೇನೆ. ಉದ್ದೇಶಪೂರ್ವಕವಾಗಿ. ಪಶ್ಚಾತ್ತಾಪರಹಿತನಾಗಿ. ನಮ್ಮ ಬಡಾವಣೆಯ ಯುವ ನಾಟಕ ತಂಡಕ್ಕೆ ಒಂದು ಆಕಾಶ ಬೇಕಾಗಿತ್ತು. ಇದ್ದ ಕ್ಯಾನ್ವಾಸೆಲ್ಲ ಸೆಟ್ಟಿನ ಮನೆಗಳಿಗೇ ಮುಗಿದಿತ್ತು. ಸಾಯಂಕಾಲದೊಳಗೆ ಪ್ರೈಮರ್ ಬಳಿದು ಸಾಕ್ಷ್ಯನಾಶವೂ ಆಯಿತು.

ನಾಟಕ ಮಗಳದು. ಬರೆದವಳೂ ಅವಳೇ, ಡೈರೆಕ್ಟರೂ ಅವಳೇ. ವಯಸ್ಸು ಹದಿನೇಳು, ಗತ್ತು ಎಪ್ಪತ್ತರದು. ಸೆಟ್ ಕೆಲಸ ನನಗೆ ಕೊಟ್ಟಿದ್ದು ಷರತ್ತಿನ ಮೇಲೆ.

"ರಿಹರ್ಸಲ್‌ನಲ್ಲಿ ಜೋಕ್ ಹೊಡೀಬಾರ್ದು ಅಪ್ಪ. ಒಂದೂ."

"ಪೇಂಟ್ ಹೊಡೀಬಹುದಲ್ಲ?"

"ನೋಡು, ಆಗ್ಲೇ ಶುರು ಮಾಡ್ದೆ."

ಮಾರ್ಚ್ 6, ಶುಕ್ರವಾರ

ಬೀದಿ ಎದ್ದು ನಿಂತಿದೆ. ಎರಡೂ ಬದಿಗೆ ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಮನೆಗಳು. ಮುಂದಿನವು ನಿಜವಾದ ಅಳತೆಯವು. ಹಿಂದೆ ಹೋದಂತೆ ಕುಗ್ಗುತ್ತ ಕುಗ್ಗುತ್ತ, ಕೊನೆಯ ಮನೆಯ ಬಾಗಿಲು ನನ್ನ ಎದೆಮಟ್ಟ. ನಡುವೆ ತಿರುವಿನಲ್ಲಿ ಒಂದು ಅಂಗಡಿ, ಅದಕ್ಕೆ ಕೊರೆದು ತೆಗೆದ ಕಿಟಕಿ. ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದೆ... ಪುಟ್ಟ ವೇದಿಕೆ ಮೈಲಿಗಟ್ಟಲೆ ಉದ್ದವಾಗಿಬಿಟ್ಟಿದೆ. ನನಗೆ ನಾನೇ ಭೇಷ್ ಅಂದುಕೊಂಡೆ. ಬೇರೆ ಯಾರೂ ಅನ್ನುವ ಲಕ್ಷಣ ಕಾಣಲಿಲ್ಲ.

ಬಡಗಿ ಕೊನೆಯ ಬಾಗಿಲನ್ನು ಬಗ್ಗಿ ನೋಡಿದ. "ಸಾರ್, ಈ ಮನೇಲಿ ಯಾರು ಬಾಡಿಗೆಗಿರ್ತಾರೆ, ಮೊಲಗಳಾ?"

ರಾತ್ರಿ ಊಟದ ಹೊತ್ತಿಗೆ ವಿಚಾರಣೆ.

"ರೀ, ನಮ್ಮಮ್ಮ ಕೊಟ್ಟ ಬೆಡ್‌ಶೀಟ್ ಎಲ್ಲಿ?"

"ಮೇಲೆ ಹೋಯ್ತು."

"ಯಾವ ಮೇಲೆ?"

ಹೇಳಿದೆ. ಸೌಟನ್ನು ಪಾತ್ರೆಗೆ ಕುಕ್ಕಿದಳು. ಆಮೇಲೆ, "ನಾಟಕ ಮುಗಿದ್ಮೇಲೆ ಆಕಾಶ ಒಗೆಯೋರು ನೀವೇ."

ಮಾರ್ಚ್ 11, ಬುಧವಾರ

ಆಗಬಾರದ್ದು ಆಯಿತು.

ಸೆಟ್ ಮೇಲೆ ಮೊದಲ ರಿಹರ್ಸಲ್. ನಾಟಕದ ಕೊನೆಯ ದೃಶ್ಯ: ಮನೆಯ ಯಜಮಾನ ಬೆಳಗಿನ ಜಾವ ಸೂಟ್‌ಕೇಸ್ ಹಿಡಿದು ಹೊರಟುಬಿಡುತ್ತಾನೆ. ತಿರುಗಿ ನೋಡುವುದಿಲ್ಲ. ಬೀದಿಯ ಕೊನೆ ಮುಟ್ಟುವವರೆಗೂ ಅವನ ಮಗಳು ಹೊಸ್ತಿಲಲ್ಲಿ ನಿಂತು ನೋಡುತ್ತಾಳೆ. ಮಾತೇ ಇಲ್ಲ. ಯಜಮಾನನ ಪಾತ್ರ ಕಂಬನದು — ಪಾಲಿಟೆಕ್ನಿಕ್ ಹುಡುಗ. ಆ ಹೆಸರು ಏಕೆ ಬಂತೆಂದು ಅವನನ್ನು ನೋಡಿದವರು ಕೇಳುವುದಿಲ್ಲ.

ಕಂಬ ಹೊರಟ. ಮೊದಲ ಮನೆ ದಾಟಿದ, ಚೆನ್ನಾಗಿತ್ತು. ಅಂಗಡಿ ದಾಟಿದ, ಅದರ ಬೋರ್ಡಿಗೆ ತಲೆ ತಾಗಿತು. ಮುಂದೆ ಹೋದಂತೆ ದೂರವಾಗಬೇಕಾದವನು ಬೆಳೆಯುತ್ತಲೇ ಹೋದ. ಕೊನೆಯ ಮನೆಯ ಹತ್ತಿರ ಅವನ ಗಲ್ಲ ಮಹಡಿಯ ಕಿಟಕಿಯಲ್ಲಿ. ಹೊಸ್ತಿಲಲ್ಲಿ ನಿಂತ ಹುಡುಗಿಗೇ ಮೊದಲು ನಗು ಬಂತು. ಆಮೇಲೆ ಹಾಲೆಲ್ಲ.

ಮನೆಗಳನ್ನು ಕುಗ್ಗಿಸಿದೆ. ಮನುಷ್ಯನನ್ನು ಕುಗ್ಗಿಸಲು ಮರೆತೆ.

ಮಗಳು ನಗಲಿಲ್ಲ, ರೇಗಲೂ ಇಲ್ಲ. ರೇಗಿದ್ದರೆ ಎಷ್ಟೋ ವಾಸಿ. "ಆ ಸೀನೇ ನಾಟಕದ ಉಸಿರು ಅಪ್ಪ. ಅಲ್ಲಿ ಒಬ್ರು ನಕ್ರೂ ಎಲ್ಲ ಮುಗೀತು." ಬಡಗಿಯ ಕಡೆ ತಿರುಗಿ, "ಬೀದಿ ಬೇಡ ಅಂಕಲ್, ತೆಗೆದ್ಬಿಡಿ. ಕಪ್ಪು ಪರದೆ ಸಾಕು."

ಮಾರ್ಚ್ 12

ಬರೆಯಲು ಏನಿಲ್ಲ. ಊಟಕ್ಕೆ ಕೂತಾಗ ಮಗಳು ಉಪ್ಪು ಕೇಳಿದಳು — ಅಮ್ಮನನ್ನು. ಡಬ್ಬಿ ನನ್ನ ಮುಂದೆಯೇ ಇತ್ತು.

ಮಾರ್ಚ್ 15, ಭಾನುವಾರ

ಬೀದಿ ಕೆಡವಲು ಹೋದೆವು, ನಾನೂ ಬಡಗಿಯೂ. ಸ್ವಂತ ಊರಿಗೆ ಸ್ವಂತ ಕೈಯಿಂದ ಬುಲ್ಡೋಜರ್. ಹುಡುಗರು ಬೇರೊಂದು ದೃಶ್ಯಕ್ಕೆ ತಯಾರಾಗುತ್ತಿದ್ದರು. ಮಗಳು ಕೊನೆಯ ಸಾಲಿನಲ್ಲಿ ಕೂತು ಸ್ಕ್ರಿಪ್ಟಿನಲ್ಲಿ ಮುಖ ಹುದುಗಿಸಿದ್ದಳು.

ನಾಯಕಿಯ ಪಾತ್ರ ಮಾಡುವ ಹುಡುಗಿಗೆ ತಂಗಿ ಒಬ್ಬಳಿದ್ದಾಳೆ. ಏಳು ವರ್ಷ, ಎಲ್ಲರಿಗೂ ಗುಬ್ಬಿ. ಅವಳು ಕಂಬನ ಟೋಪಿ ಎಗರಿಸಿ, ಅವನ ಹಾಗೆಯೇ ಭುಜ ಇಳಿಬಿಟ್ಟು, ಕೊನೆಯ ಮನೆಗಳ ನಡುವೆ ಅಣಕಿಸುತ್ತ ನಡೆದಳು. "ಏಯ್, ಇಳಿ ಕೆಳಗೆ" ಎಂದು ಅಕ್ಕ ಗದರಿದಳು.

"ಇರು." ಹಿಂದಿನಿಂದ ಮಗಳ ದನಿ. ಎದ್ದು ನಿಂತಿದ್ದಳು. "ಗುಬ್ಬಿ, ಇನ್ನೊಂದ್ಸಲ ನಡಿ. ಈ ಕಡೆ ತಿರುಗ್ಬೇಡ."

ನಾನೂ ಓಡಿ ಹೋಗಿ ಅವಳ ಪಕ್ಕ ನಿಂತು ನೋಡಿದೆ. ಅಲ್ಲಿ ಗುಬ್ಬಿ ಇರಲಿಲ್ಲ. ಬಹಳ ದೂರದಲ್ಲಿ ಕಂಬ ನಡೆದು ಹೋಗುತ್ತಿದ್ದ.

"ಕಂಬ ಅಂಗಡಿ ಹಿಂದೆ ಮರೆಯಾಗ್ತಾನೆ," ಮಗಳು ಪಿಸುಗುಟ್ಟಿದಳು, "ಆ ಕಡೆಯಿಂದ ಇವಳು ಹೊರಗೆ ಬರ್ತಾಳೆ. ಅಂಕಲ್, ಸುತ್ತಿಗೆ ಕೆಳಗಿಡಿ."

ಬಡಗಿ ಇಟ್ಟ. ನನ್ನೆದೆಯ ಮೇಲಿದ್ದ ಸುತ್ತಿಗೆಯೂ ಇಳಿಯಿತು.

"ಅಪ್ಪ, ಅಂಗಡಿ ಹಿಂದೆ ನೀನಿರ್ಬೇಕು. ಕಂಬನ್ನ ಒಳಗೆ ಎಳ್ಕೊಂಡು ಗುಬ್ಬೀನ ಬಿಡೋದು. ಕೂತಿರು ಮತ್ತೆ, ನಿಂತ್ಕೊಬೇಡ. ಕಿಟಕಿ ಇದೆ."

ನಾಲ್ಕು ದಿನಗಳ ಮೇಲೆ ಕೇಳಿದ "ಅಪ್ಪ". ಜೋಕ್ ಒಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮಾರ್ಚ್ 19, ಗುರುವಾರ

ಗುಬ್ಬಿಯ ಟಿಫಿನ್ ಡಬ್ಬಿಗೆ ಕಂದು ಬಣ್ಣ ಬಳಿದೆ, ಅಂಚಿಗೆ ಪಟ್ಟಿ ಎಳೆದೆ: ದೂರದ ಸೂಟ್‌ಕೇಸ್. ಕಂಬ ತೊಡುವ ಕೋಟಿನ ಮರಿ ಮನೆಯಲ್ಲಿ ಹೊಲಿಗೆ ಯಂತ್ರದ ಮೇಲಿದೆ.

"ಬೆಡ್‌ಶೀಟ್ ಕದ್ದೋರಿಗೆ ಕೋಟ್ ಬೇರೆ ಹೊಲಿದು ಕೊಡ್ಬೇಕು," ಹೆಂಡತಿಯ ಗೊಣಗು.

"ಕೋಟು ನನಗಲ್ಲ ಕಣೇ."

"ನಾನು ಕೋರ್ಟಿಗೆ ಹೋದ್ರೆ ನಿಮಗೂ ಬೇಕಾಗುತ್ತೆ, ಇರಿ."

ತೊಂದರೆ ಒಂದೇ. ಮೂರು ಹೆಜ್ಜೆಗೊಮ್ಮೆ ಗುಬ್ಬಿ ಕುಪ್ಪಳಿಸುತ್ತಾಳೆ. ಮಗಳು ಅವಳ ಮುಂದೆ ಮಂಡಿಯೂರಿ ಹೇಳಿಕೊಟ್ಟಳು: "ಡಬ್ಬಿ ತುಂಬ ಭಾರ ಇದೆ ಅಂದ್ಕೋ. ಮನೆಗೆ ವಾಪಸ್ ಹೋಗೋ ಹಾಗಿಲ್ಲ ಅಂದ್ಕೋ."

"ಯಾಕೆ ಹೋಗೋ ಹಾಗಿಲ್ಲ?"

ಮಗಳು ಡಬ್ಬಿಯನ್ನು ಅವಳ ಕೈಗಿಟ್ಟು ಬೀದಿಯ ಕಡೆ ತಿರುಗಿಸಿದಳು. ಅದನ್ನೇ ಯೋಚಿಸುತ್ತ ನಡೆದ ಗುಬ್ಬಿ ಕುಪ್ಪಳಿಸುವುದನ್ನು ಮರೆತಳು.

ಮಾರ್ಚ್ 22, ಭಾನುವಾರ, ಬೆಳಿಗ್ಗೆ

ನಿನ್ನೆ ಮೊದಲ ಪ್ರದರ್ಶನ. ಇವತ್ತು ಸಂಜೆ ಇನ್ನೊಂದು.

ಯಾರೂ ನಗಲಿಲ್ಲ.

ಇನ್ನೊಮ್ಮೆ ಬರೆಯುತ್ತೇನೆ, ಬರೆಯಲು ಹಿತವಾಗಿದೆ: ಯಾರೂ ನಗಲಿಲ್ಲ. ಕಂಬ ಅಂಗಡಿಯ ಹಿಂದೆ ಬಂದ, ಎಳೆದುಕೊಂಡೆ; ಗುಬ್ಬಿಯ ಬೆನ್ನು ತಟ್ಟಿದೆ, ಹೊರಟಳು. ಹಾಲಿನಲ್ಲಿ ಒಂದು ಕೆಮ್ಮೂ ಇಲ್ಲ. ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಚಪ್ಪಾಳೆ ಬರಲಿಲ್ಲ. ಆಮೇಲೆ ಬಂತು ನೋಡಿ... ಆಕಾಶ ಅಲುಗಾಡಿತು. ನೂರಕ್ಕೆ ನೂರು ಕಾಟನ್.

ಟೀ ಕುಡಿಯುವಾಗ ಯಾರೋ ಕೇಳಿದರು, ಆ ದೃಶ್ಯದಲ್ಲಿ ನಿಮಗೇನನ್ನಿಸಿತು ಎಂದು. ಗತ್ತಿನಿಂದ ಹೇಳಿದೆ: "ಯಾವ ಮೊಳೆ ಎಲ್ಲಿದೆ ಅಂತ ಬಲ್ಲೋನಿಗೆ ಏನ್ರೀ ಅನ್ಸುತ್ತೆ? ಕಲ್ಲಿನ ಹಾಗೆ ಕೂತಿದ್ದೆ."

ಮಗಳು ಬಂದಳು. "ಅಪ್ಪ, ಅಂಗಡಿ ಕಿಟಕೀಲಿ ಯಾರೋ ಮುದುಕ ನಿಂತು ಅಳ್ತಿದ್ನಂತೆ. ಎಲ್ಲಾ ಅವನದ್ದೇ ಮಾತು. ಏನು ಆಕ್ಟಿಂಗು ಅಂತಾರೆ. ನನ್ನ ಸ್ಕ್ರಿಪ್ಟಲ್ಲಿ ಮುದುಕ ಇಲ್ವಲ್ಲ?"

"ಯಾರೋ ಏನೋ," ಅಂದೆ.

ಅವಳು ನನ್ನ ಮುಖ ನೋಡಿದಳು. ನನ್ನ ಕಣ್ಣಿನ ಕೆಳಗೆ ಎರಡು ಕಡೆಯೂ ನೀಲಿ — ಪೇಂಟ್ ಒರೆಸುವ ಬಟ್ಟೆಯದು. ವೇಲಿನ ತುದಿಯಿಂದ ಒರೆಸಿದಳು. "ನಾಳೇನೂ ನಿಂತ್ಕೋ. ಅಲ್ಲೇ."

ಅದಕ್ಕೇ ಈಗ ಪೇಚಾಟ. ಕೂತಿದ್ದೆ, ಅದು ನಿಜ. ಕೋಟು ಯಾರು ಹೊಲಿದದ್ದು, ಸೂಟ್‌ಕೇಸಿನ ಒಳಗೇನಿದೆ, ಎಲ್ಲ ಗೊತ್ತಿತ್ತು. ಗುಬ್ಬಿಯ ಬೆನ್ನು ತಟ್ಟಿದ್ದೇ ನಾನು. ಆದರೂ ಅವಳು ಕೊನೆಯ ಮನೆ ದಾಟುವ ಹೊತ್ತಿಗೆ, ಅಯ್ಯೋ, ಅವನು ಹೋಗೇಬಿಟ್ಟ ಅನ್ನಿಸಿ ಎದ್ದು ನಿಂತೆ. ಕಂಬ ನನ್ನ ಪಕ್ಕದಲ್ಲೇ ಇದ್ದ. ಅಂಗಿ ಹಿಡಿದು ಕೆಳಕ್ಕೆ ಎಳೆಯುತ್ತಿದ್ದ. ನಾನು ಅವನ ಕೈ ಕೊಡವಿ ಬೀದಿಯ ಕಡೆಗೇ ನೋಡುತ್ತ...

ಸಂಜೆ ಹೇಳಿದ ಹೊತ್ತಿಗೆ ಅಳು ಬರುತ್ತದೋ ಇಲ್ಲವೋ ಎಂಬ ಚಿಂತೆ ಬೇಡ. ಇಲ್ಲಿ ಬರೆಯುತ್ತಿರುವಾಗಲೇ ಅಕ್ಷರ ಕಲೆಸಿಹೋಗಿ —