ಮುಂದೆ ಜಾಗ ಇದೆ

ಗ್ರಂಥಾಲಯದ ಹಿಂದಿನ ಬೀದಿ,
ನವೆಂಬರ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಮೊದಲು ನಿಮ್ಮ ಮೊಣಕಾಲಿನ ಸಮಾಚಾರ ಬರೆಯಿರಿ. ಕ್ರೇನಿನ ಏಣಿಯನ್ನು ದಿನಕ್ಕೆ ಎರಡೇ ಸಲ ಹತ್ತಿಳಿಯುತ್ತೇನೆ ಎಂದು ಹೋದ ಪತ್ರದಲ್ಲಿ ಬರೆದಿದ್ದಿರಿ, ನಾನೇನೂ ನಂಬಿಲ್ಲ. ಮುಲಾಮು ಹಚ್ಚಿಕೊಳ್ಳಿ. ನೀವು ಒಂದು ದಿನ ಮಲಗಿದರೆ ಸೇತುವೆ ಎದ್ದು ಓಡಿಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಾವ ಅಗತ್ಯಕ್ಕಿಂತ ಹೆಚ್ಚು ಚೆನ್ನಾಗಿದ್ದಾರೆ, ಅದನ್ನು ಹೇಳಲೆಂದೇ ಈ ಪತ್ರ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಕಡೆ ಗಾಳಿಯ ಸದ್ದು, ನನ್ನ ಕಡೆ ನಿಮ್ಮಪ್ಪನ ಸದ್ದು.

ಊರು ಹೇಗಿದೆ ಅಂತ ಕೇಳಿದ್ದಿರಲ್ಲ, ಇದು ಊರಿನೊಳಗಿನ ಊರು, ವಿಶ್ವವಿದ್ಯಾಲಯದ ಊರು. ಹಿಂದೆ ತನ್ನ ಪಾಡಿಗೆ ತಾನು ಓದಿಕೊಂಡಿತ್ತಂತೆ. ಮಹಾನಗರ ಬೆಳೆಯುತ್ತ ಬೆಳೆಯುತ್ತ ನಾಲ್ಕೂ ಕಡೆಯಿಂದ ಬಂದು ಮುತ್ತಿಕೊಂಡಿತು, ನುಂಗುವುದಕ್ಕೆ ಮಾತ್ರ ಆಗಲಿಲ್ಲ. ನಮಗೆ ನಮ್ಮದೇ ಪುರಸಭೆ, ನಮ್ಮದೇ ಕಸದ ಗಾಡಿ. ನಮ್ಮ ಬೀದಿಯ ಈಚೆ ಬದಿ ನಮ್ಮೂರು, ಆಚೆ ಬದಿ ಮಹಾನಗರ. ಹೋದ ತಿಂಗಳು ನಡುಬೀದಿಯಲ್ಲಿ ಮರದ ಕೊಂಬೆ ಬಿದ್ದಾಗ ಎರಡೂ ಕಡೆಯವರು ಟೇಪು ಹಿಡಿದು ಬಂದು, ಅವರವರ ಪಾಲಿನಷ್ಟು ಕತ್ತರಿಸಿಕೊಂಡು ಹೋದರು. ಇಲ್ಲಿ ಹೊಸಬರು ಸಿಕ್ಕರೆ ಹೆಸರು ಕೇಳುವುದಿಲ್ಲ, "ಯಾವ ವಿಭಾಗ?" ಅನ್ನುತ್ತಾರೆ. ಸೈಕಲ್ ರಿಪೇರಿಯವನು ಇತಿಹಾಸದಲ್ಲಿ ಎಂ.ಎ. ಮಾಡಿದ್ದಾನೆ, ಪಂಕ್ಚರ್ ಹಾಕಲು ಕೊಟ್ಟರೆ ಮನುಷ್ಯ ಚಕ್ರ ಕಂಡುಹಿಡಿದ ಕಾಲದಿಂದ ಶುರು ಮಾಡುತ್ತಾನೆ. ರಜೆ ಬಂತೆಂದರೆ ಊರಿನ ಮುಕ್ಕಾಲು ಪಾಲು ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡುತ್ತದೆ. ಉಳಿಯುವುದು ನಾವು, ಬೆಕ್ಕುಗಳು ಮತ್ತು ಪ್ರಬಂಧ ಮುಗಿಯದವರು. ಮಹಾನಗರದ ಬಸ್ಸಿನ ಕಂಡಕ್ಟರ್ ನಮ್ಮ ಸ್ಟಾಪಿನ ಹೆಸರು ಕೂಗುವುದೇ ಇಲ್ಲ, "ಓದೋರೆಲ್ಲ ಇಳ್ಕೊಳ್ಳಿ!" ಅನ್ನುತ್ತಾನೆ.

ಆ ಕೂಗು ಕೇಳಿದಾಗಲೆಲ್ಲ ಮಾವ ನಿಟ್ಟುಸಿರು ಬಿಡುತ್ತಿದ್ದರು. ಮೂವತ್ತನಾಲ್ಕು ವರ್ಷ ಕಂಡಕ್ಟರ್ ಆಗಿದ್ದವರಿಗೆ ನಾನೊಬ್ಬಳೇ ಪ್ರಯಾಣಿಕಳಾದರೆ ಹೇಗೆ ಸಾಕಾದೀತು? ಬೆಳಿಗ್ಗೆ ನಾನು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಜೋಡಿಸಲು ಶುರು ಮಾಡಿದರೆ ಮತ್ತೆ ಮನೆ ಸೇರುವುದು ಸಂಜೆಗೆ. ಅಲ್ಲಿಯವರೆಗೆ ಅವರು ವಾಕಿಂಗ್ ಹೋಗುತ್ತಾರೆಂದೇ ತಿಳಿದಿದ್ದೆ. ಹೋಗುತ್ತಿದ್ದದ್ದು ಎದುರಿನ ಭೂಗೋಳ ವಿಭಾಗಕ್ಕೆ. ಅಲ್ಲಿ ತಂಪಾಗಿರುತ್ತದೆ, ಫ್ಯಾನು ಸದ್ದು ಮಾಡುವುದಿಲ್ಲ ಎಂಬುದು ಅವರ ವಿವರಣೆ. ಒಳಗೆ ಹೋಗಲು ಪಾಸ್ ಬೇಕು. ನನ್ನ ಹಳೇ ಪಾಸನ್ನು ಕತ್ತಿಗೆ ನೇತುಹಾಕಿಕೊಂಡು ಹೋಗುತ್ತಿದ್ದರಂತೆ. ಇಸ್ತ್ರಿ ಇಲ್ಲದ ಅಂಗಿ, ಹಣೆಯ ಮೇಲೆ ಏರಿಸಿದ ಕನ್ನಡಕ. ಈ ಊರಿನ ಕಾವಲುಗಾರ ಇಷ್ಟು ಕಂಡರೆ ಸಾಕು, ಎದ್ದು ಸೆಲ್ಯೂಟ್ ಹೊಡೆಯುತ್ತಾನೆ.

ಮೊದಲನೇ ದಿನ ಪಾಠದ ಕೋಣೆಯಲ್ಲಿ ತೆಪ್ಪಗೆ ಕೂತಿದ್ದರಂತೆ. ಎರಡನೇ ದಿನ ತಡೆಯಲಾಗಲಿಲ್ಲ. ಹುಡುಗರೆಲ್ಲ ಹಿಂದಿನ ಬೆಂಚಿನಲ್ಲಿ ಒತ್ತೊತ್ತಾಗಿ ಕೂತಿದ್ದಾರೆ, ಬಾಗಿಲ ಹತ್ತಿರ ಹತ್ತು ಜನ ನಿಂತಿದ್ದಾರೆ, ಮುಂದಿನ ನಾಲ್ಕು ಸಾಲು ಭಣಭಣ. ನಿಮ್ಮಪ್ಪ ಎದ್ದು ನಿಂತು, ಆ ಹಳೇ ದನಿ ತೆಗೆದು, "ಮುಂದೆ ಹೋಗ್ರೀ, ಮುಂದೆ ಜಾಗ ಇದೆ! ಬಾಗಿಲಲ್ಲಿ ನಿಲ್ಬೇಡಿ!" ಅಂದರಂತೆ. ಇಡೀ ತರಗತಿ ಚೀಲ ಎತ್ತಿಕೊಂಡು ಮುಂದಕ್ಕೆ ಸರಿದಿದೆ. ಇಪ್ಪತ್ತು ವರ್ಷ ಖಾಲಿ ಬೆಂಚಿಗೆ ಪಾಠ ಹೇಳಿದ ಮೇಷ್ಟ್ರು ನಿಂತಲ್ಲಿಂದಲೇ ಕೈ ಮುಗಿದರಂತೆ. ಆಮೇಲೆ ದಿನಾ ಅವರೇ ಮಾವನಿಗೊಂದು ಕುರ್ಚಿ ಹಾಕಿಸಿಟ್ಟರು. ನೀವು ಯಾರು ಎಂದು ಮಾತ್ರ ಕೇಳಲಿಲ್ಲ.

ಬುಧವಾರ ಆದದ್ದೇ ಬೇರೆ. ಒಬ್ಬ ಸಂಶೋಧಕಿಗೆ ಅವತ್ತು ಡಾಕ್ಟರೇಟಿನ ಕೊನೆಯ ಪರೀಕ್ಷೆ. ಯಾರು ಬೇಕಾದರೂ ಕೂತು ಕೇಳಬಹುದು, ಮಾವನೂ ಕೂತಿದ್ದರು. ವಿಷಯ ಏನು ಗೊತ್ತೇ? ಬಸ್ಸಿನಲ್ಲಿ ಜನ ಬಾಗಿಲ ಹತ್ತಿರವೇ ಯಾಕೆ ಗುಂಪುಗೂಡುತ್ತಾರೆ! ಮುನ್ನೂರು ಪುಟ. ಹೊರಗಿನಿಂದ ಬಂದ ಪರೀಕ್ಷಕರಿಗೆ ಅವಳ ಉತ್ತರ ಒಪ್ಪಿಗೆಯಾಗಲಿಲ್ಲ. "ಲೆಕ್ಕ ಚೆನ್ನಾಗಿದೆಯಮ್ಮ, ನಿಜವಾದ ಜನ ಹೀಗೆ ಯೋಚಿಸ್ತಾರಾ? ಇನ್ನೆರಡು ವರ್ಷ ಕೆಲಸ ಮಾಡು" ಅಂದರಂತೆ. ಪಾಪ, ಅವಳ ಕಣ್ಣಲ್ಲಿ ನೀರು. ಅಷ್ಟರಲ್ಲಿ ಹಿಂದಿನಿಂದ ನಿಮ್ಮಪ್ಪ: "ಜಾಗ ಇದ್ರೂ ಒಳಗೆ ಹೋಗಲ್ಲ ಸ್ವಾಮಿ. ಒಳಗೆ ಹೋದ್ರೆ ನಮ್ಮ ಸ್ಟಾಪಲ್ಲಿ ಇಳಿಯೋಕಾಗಲ್ಲ ಅನ್ನೋ ಭಯ. ಇಳಿಸ್ತೀನಿ ಅಂತ ನಾನು ಮಾತು ಕೊಟ್ಟರೆ ಮಾತ್ರ ಹೋಗ್ತಾರೆ." ಹುಡುಗಿ ದಡಬಡ ಪುಟ ತಿರುವಿ ತೋರಿಸಿದಳು. ನಾಲ್ಕು ವರ್ಷದ ಕೊನೆಗೆ ಅವಳು ಕಂಡುಕೊಂಡಿದ್ದೂ ಅದನ್ನೇ. ಪರೀಕ್ಷಕರು ಕನ್ನಡಕ ತೆಗೆದು, "ತಮ್ಮದು ಯಾವ ವಿಭಾಗ?" ಅಂದರು. ಮಾವ ಸುಳ್ಳು ಹೇಳುವವರೇ? "ಸಾರಿಗೆ. ಮೂವತ್ತನಾಲ್ಕು ವರ್ಷದ ಸರ್ವಿಸ್" ಅಂದರು. ಅರ್ಧ ಗಂಟೆ ಅವರನ್ನೇ ಪ್ರಶ್ನೆ ಕೇಳಿ, ಹುಡುಗಿಯನ್ನು ಪಾಸು ಮಾಡಿ ಹೋದರು.

ಹೋಗುವ ಮುನ್ನ ಪರೀಕ್ಷಕರು ಕಚೇರಿಯಲ್ಲಿ, ಆ ಹಿರಿಯ ಪ್ರಾಧ್ಯಾಪಕರಿಗೆ ಧನ್ಯವಾದದ ಪತ್ರ ಬರೆಯಬೇಕು, ಹೆಸರು ಕೊಡಿ ಅಂದಿದ್ದಾರೆ. ಕಚೇರಿಯವರು ಪಾಸಿನ ಸಂಖ್ಯೆ ಹುಡುಕಿದರೆ ಬಂದದ್ದು ನನ್ನ ಹೆಸರು, ನನ್ನ ಫೋಟೋ. ಗುರುವಾರ ಬೆಳಿಗ್ಗೆ ಮುಖ್ಯ ಗ್ರಂಥಪಾಲಕಿ ಕರೆಸಿದರು. ಜೋರಾಗಿ ಉಸಿರಾಡಿದರೂ ತಲೆಯೆತ್ತಿ ನೋಡುವ ಹೆಂಗಸು ಅವರು. ಕೆಲಸ ಹೋಯಿತು ಅಂದುಕೊಂಡೆ. ಇನ್ನೂ ಪ್ರೊಬೇಷನ್‌ನಲ್ಲಿದ್ದವಳು ನಾನು. ಬಾಯಿ ತೆರೆಯುವಷ್ಟರಲ್ಲಿ ಮಾವ ಹೇಗೋ ಸುದ್ದಿ ತಿಳಿದು ಒಳಗೆ ಬಂದರು. ಕೈ ಕಟ್ಟಿ ನಿಂತು, "ಪಾಸಿಲ್ದೆ ಪ್ರಯಾಣ ಮಾಡಿದ್ದು ನಾನು, ಅಮ್ಮಾ. ಜೀವಮಾನದಲ್ಲಿ ಒಬ್ಬರನ್ನೂ ಹಾಗೆ ಬಿಟ್ಟವನಲ್ಲ. ನನ್ನನ್ನೂ ಬಿಡಬೇಡಿ. ನನ್ನ ಸೊಸೆಗೆ ಏನೂ ಗೊತ್ತಿಲ್ಲ" ಅಂದರು. ಅವರು ತಲೆ ತಗ್ಗಿಸಿ ನಿಂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ, ನನಗೆ ಅಳು ಬಂತು. ಆ ಹೆಂಗಸು ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ನಕ್ಕರು ನೋಡಿ, ವಾಚನಾಲಯದಲ್ಲಿ ಓದುತ್ತಿದ್ದವರೆಲ್ಲ ತಲೆ ಎತ್ತಿದರು!

ಈಗ ಮಾವನಿಗೆ ಅವರದೇ ಪಾಸು ಬಂದಿದೆ. ಪ್ರತಿ ಮಂಗಳವಾರ ಭೂಗೋಳದ ಹುಡುಗರಿಗೆ ಬಸ್ಸಿನ ವಿಷಯ ಹೇಳಬೇಕಂತೆ. ನಿನ್ನೆಯಿಂದ ಕನ್ನಡಿ ಮುಂದೆ ನಿಂತು ಪಾಠ ಒಪ್ಪಿಸುತ್ತಿದ್ದಾರೆ. ನಡುನಡುವೆ ಕನ್ನಡಿಗೂ ಒಳಗೆ ಸರಿಯಲು ಹೇಳುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮೇಲೆ ಹೋದಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ. ಮಾವ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಏಣಿಯಲ್ಲಿ ಜೋಪಾನ ಅಂತಲೂ.

ಇಂತಿ,
ನಿಮ್ಮವಳು

ಮರೆತಿದ್ದೆ: ಶುಕ್ರವಾರ ನನ್ನ ಕೆಲಸ ಕಾಯಂ ಆಯಿತು. ನಿಮ್ಮನ್ನು ಕೇಳದೆ ಸಹಿ ಹಾಕಿಬಿಟ್ಟೆ, ಬೈಯಬೇಡಿ. ಮಹಾನಗರದಲ್ಲಿ ಹೊಸ ಮೆಟ್ರೋಗೆ ಕ್ರೇನ್ ನಡೆಸುವವರು ಬೇಕಂತೆ, ನಮ್ಮ ಮನೆಯಿಂದ ನಾಲ್ಕೇ ಸ್ಟಾಪು. ಅರ್ಜಿ ಇದರೊಳಗೇ ಇಟ್ಟಿದ್ದೇನೆ. ಹೆಸರು, ವಯಸ್ಸು, ಅನುಭವ ಎಲ್ಲ ನಾನೇ ತುಂಬಿದ್ದೇನೆ, ಮೊಣಕಾಲಿನ ವಿಷಯ ಬರೆದಿಲ್ಲ. ಇಪ್ಪತ್ತೈದು ಕೊನೇ ದಿನ. ಯೋಚನೆ ಆಮೇಲೆ ಮಾಡಬಹುದು, ಮೊದಲು ಕಳಿಸಿ.