ಗೋರಿಯ ಮೇಲಿನ ಚೆರ್ರಿ ಟೊಮ್ಯಾಟೊ

ಉಮೇರ,

ನೀನು ಹೋಗಿ ಇವತ್ತಿಗೆ ಮೂವತ್ತೊಂಬತ್ತು ದಿನ. ನಾಳೆ ನಲವತ್ತನೆಯ ದಿನ, ನಿನ್ನ ಚಾಲೀಸವಾ ಎಂದು ನಿನ್ನ ಹೆಂಡತಿ ನಾಹೀದ ಫೋನು ಮಾಡಿದ್ದಳು. ಗೋರಿಯ ಮೇಲೆ ನೆಟ್ಟ ಸಬ್ಜಾ ಸಸಿಗಳಿಗೆ ನೀರು ಹಾಕಿ ಬರೋಣವೆಂದು ಬೆಳಿಗ್ಗೆ ಬೀದರಿನಿಂದ ಭಾಲ್ಕಿಯ ಬಸ್ಸು ಹತ್ತಿದೆ.

ಸಬ್ಜಾ ಒಣಗಿತ್ತು. ನಿನ್ನ ತಲೆಯ ಕಡೆ ಮೊಳಕಾಲೆತ್ತರದ ಟೊಮ್ಯಾಟೊ ಗಿಡ. ಗೊಂಚಲು ತುಂಬ ಗೋಲಿಯಷ್ಟು ಕೆಂಪು ಹಣ್ಣು.

"ನೀವೇ ಹಚ್ಚೀರೇನ್ರಿ ಮಾಸ್ತರ? ಖಬರಸ್ತಾನದಾಗ ಕಾಯಿಪಲ್ಯೆ?" ಎಂದು ಅಲ್ಲಿನ ಕಾವಲುಗಾರ ನಿಜಾಮೋದ್ದೀನ ಸಾಹೇಬರು ನಕ್ಕರು.

ಕಾರಣ ನನಗೆ ಗೊತ್ತಿತ್ತು. ಮಣ್ಣು ಕೊಟ್ಟ ದಿನ ಸಬ್ಜಾ ಸಸಿಗಳನ್ನು ತಂದವನು ನಾನೇ, ನಮ್ಮ ಚೆರ್ರಿ ಟೊಮ್ಯಾಟೊ ಕುಂಡದ ಮಣ್ಣಿನ ಸಮೇತ. ಬೀಜ ಅದರಲ್ಲೇ ಇದ್ದಿರಬೇಕು. ಆದರೆ ಬೀಜ ಮೊಳೆತು ಹಣ್ಣಾಗಲು ಮೂರು ತಿಂಗಳು ಬೇಕು, ಉಮೇರ.

ಡಯಾಲಿಸಿಸ್ ಶುರುವಾದ ಮೇಲೆ ನೀನು ನಮ್ಮ ಅಂಗಳದ ಆ ಕುಂಡಗಳ ಮುಂದೆ ಕೂತು, "ಒಂದರ ಕೊಡೋ ಜಿಪುಣಾ, ಸಾಯೂದಿಲ್ಲ" ಎನ್ನುತ್ತಿದ್ದೆ. ಟೊಮ್ಯಾಟೊ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ನಾನು ಕುಂಡಗಳನ್ನೇ ನೀನು ಹತ್ತಲಾಗದ ಮಾಳಿಗೆಗೆ ಸಾಗಿಸಿದೆ. ಆಮೇಲೆ ನೀನು ನಮ್ಮ ಮನೆಗೆ ಬರಲಿಲ್ಲ.

"ನಾಳೆ ಮಂದಿ ಬರ್ತಾರ, ಕಿತ್ತು ಒಗೀಲೇನ್ರಿ?" ಎಂದರು ಸಾಹೇಬರು.

ಒಪ್ಪಿದೆ. ಮೊದಲು ಹಣ್ಣನ್ನೆಲ್ಲ ಬಿಡಿಸಿ ತಲೆದೆಸೆಯ ಕಲ್ಲಿನ ಮೇಲಿಟ್ಟೆ. ಅವರು ಗಿಡ ಕಿತ್ತರು. ಇಬ್ಬರೂ ಗೇಟಿನ ಬಳಿಯ ನಲ್ಲಿಯಲ್ಲಿ ಕೈ ತೊಳೆದು ತಿರುಗಿ ನೋಡಿದರೆ ಕಲ್ಲು ಖಾಲಿ. ಹಕ್ಕಿಯಿಲ್ಲ, ಅಳಿಲಿಲ್ಲ, ನೆಲದ ಮೇಲೂ ಒಂದು ಹಣ್ಣಿಲ್ಲ.

ಸಾಹೇಬರು ಮೆಲ್ಲಗೆ ದುವಾ ಹೇಳತೊಡಗಿದರು. ನನಗೆ ಮಾತ್ರ, ನಿನಗೆ ಸ್ವಲ್ಪ ಉಪ್ಪು ತರಬೇಕಿತ್ತು ಎನಿಸಿತು.