ಸರದಾರನ ಹೆಂಡತಿ ಆಡಿದ ಮಾತಿಗೆ ಒಂದು ಮೊಹರು ಬೇಕು

ಸಿನೆಮಾ ಆಟಗಳಿಗೆ ಇಜಾಜತ್ತು-ಪರವಾನಗಿ ಕೊಡುವ ಮಾನ್ಯ ಸಾಹೇಬರೇ,

ನಮ್ಮ ಕುಷ್ಟಗಿಯ ಸಿನೆಮಾ ತಂಬುವಿನಲ್ಲಿ ಚಿತ್ರದ ಹೆಂಗಸೊಬ್ಬಳು ಆಡಿದ ಮಾತನ್ನು ತಾವು ಬದಲಾಯಿಸಿದಿರಿ. ಬದಲಾದ ಆ ಮಾತನ್ನೇ ಸಾಕ್ಷಿ ಹಿಡಿದು ಊರ ಹಿರಿಯರು ನನ್ನ ಮಗಳನ್ನು ಹೊಡೆಯುವ ಗಂಡನ ಮನೆಗೆ ಮರಳಿ ಅಟ್ಟಿದರು. ನನ್ನ ದೂರು ಇಷ್ಟೇ. ಬದಲಾದ ಮಾತನ್ನು ಕೂಗಿ ಹೇಳಿದ ಬಾಯಿ ನನ್ನದೇ ಆದ್ದರಿಂದ ಇದನ್ನು ದೂರು ಎನ್ನಬೇಕೋ ತಪ್ಪೊಪ್ಪಿಗೆ ಎನ್ನಬೇಕೋ ನನಗೆ ತಿಳಿಯದು. ತಮ್ಮ ಕಚೇರಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಡತಗಳಿದ್ದರೆ ಎರಡರಲ್ಲೂ ಸೇರಿಸಿಕೊಳ್ಳಿ. ತಮಗೆ ಕೊಟ್ಟ ನಾಲ್ಕು ಅರ್ಜಿಗಳಿಗೆ ಉತ್ತರ ಬಾರದ್ದಕ್ಕೆ ಈ ಐದನೆಯದನ್ನು ಸಂಸ್ಥಾನದ ಗಡಿಯಾಚೆಯ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಬೊಂಬಾಯಿಯ ಚಿತ್ರಗಳು ಆಡುವುದು ಹಿಂದೂಸ್ತಾನಿ, ನಮ್ಮ ಜನಕ್ಕೆ ತಿಳಿಯುವುದು ಕನ್ನಡ. ಅದಕ್ಕಾಗಿ ಬಿದಿರು ಕೋಲು ಹಿಡಿದು ಪರದೆಯ ಪಕ್ಕ ನಿಂತು, ಚಿತ್ರದವರು ಆಡಿದ ಮಾತನ್ನು ಕನ್ನಡದಲ್ಲಿ ಕೂಗಿ ಹೇಳುವವನೊಬ್ಬ ಬೇಕಾಗುತ್ತಾನೆ. ಉರ್ದು ಶಾಲೆಯಲ್ಲಿ ಏಳು ತರಗತಿ ಓದಿದ ನನಗೆ ಸರಕಾರಿ ನೌಕರಿ ಸಿಗಲಿಲ್ಲ, ಈ ಕೆಲಸ ಸಿಕ್ಕಿತು. ರಾಜನೂ ನಾನೇ, ರಾಣಿಯೂ ನಾನೇ. ಲಡಾಯಿಯ ಈ ಕಾಲದಲ್ಲಿ ಮನೆಯ ಬುಡ್ಡಿಗೆ ಸಿಗದ ಎಣ್ಣೆ ತಂಬುವಿನ ಎಂಜಿನ್ನಿಗೆ ಹೇಗೋ ಸಿಗುತ್ತದೆ, ಹೋದ ವರ್ಷ ಸುಗ್ಗಿ ಮುಗಿದ ಮೇಲೂ ಸಿಕ್ಕಿತು, ಆಟ ಶುರುವಾಯಿತು. ಗಂಡಸರು ಪರದೆಯ ಮುಂದೆ ಕೂತರು. ಮರ್ಯಾದೆಯ ಸಲುವಾಗಿ ಹೆಂಗಸರನ್ನು ಎಂದಿನಂತೆ ಪರದೆಯ ಹಿಂದೆ ಕೂಡಿಸಲಾಯಿತು. ಅಲ್ಲಿಂದ ಚಿತ್ರವೆಲ್ಲ ತಿರುವುಮುರುವು. ಖಡ್ಗ ಎಡಗೈಯಲ್ಲಿ, ಸೆರಗು ಬಲ ಹೆಗಲ ಮೇಲೆ. ಅದೇ ದರದ ಚೀಟಿ ಕೊಂಡು ಅವರು ಅದನ್ನೇ ನೋಡುತ್ತಾರೆ.

ಆ ಸಲ ಬಂದದ್ದು ಒಬ್ಬ ಸರದಾರನ ಕಥೆ. ಆತ ಲಡಾಯಿ ಗೆಲ್ಲುತ್ತಾನೆ, ಹುಲಿ ಕೊಲ್ಲುತ್ತಾನೆ, ಮನೆಗೆ ಬಂದು ಹೆಂಡತಿಯನ್ನು ಒದೆಯುತ್ತಾನೆ. ಬಿದ್ದವಳು ಎದ್ದು, ಬಟ್ಟೆಯ ಗಂಟು ಕಟ್ಟಿಕೊಂಡು, ಹೊಸ್ತಿಲಲ್ಲಿ ನಿಂತು ಅನ್ನುತ್ತಾಳೆ: "ಒದೆಯುವ ಕಾಲು ನಿನ್ನದು, ಹೊಸ್ತಿಲು ದಾಟುವ ಕಾಲು ನನ್ನದು. ಇನ್ನು ಈ ಮನೆಗೆ ನಾನಿಲ್ಲ." ಮೊದಲ ಆಟಕ್ಕೆ ಮುಂಚೆ ತಮಗಾಗಿಯೇ ಚಿತ್ರ ಓಡಿಸಿದ್ದರು. ಈ ಮಾತಿಗೆ ಬಂದಾಗ ತಾವು ಕುರ್ಚಿಯಿಂದ ಎದ್ದೇಬಿಟ್ಟಿರಿ.

"ಏ, ಇದನ್ನ ಹಿಂಗ ಹೇಳಿದ್ರ ನಾಳೆ ಊರಾಗಿನ ಹೆಂಗಸ್ರು ಕೈಗೆ ಸಿಗ್ತಾರೇನು? ಬದಲ್ ಮಾಡು. ಇಲ್ಲಾಂದ್ರ ಇಜಾಜತ್ ಇಲ್ಲ" ಅಂದಿರಿ.

ಸಾಹೇಬರೇ, ಅದೇ ಚಿತ್ರದಲ್ಲಿ ಡಕಾಯಿತರು ಖಜಾನೆ ಒಡೆದರು, ಹತ್ತು ಕಾವಲುಗಾರರ ಕುತ್ತಿಗೆ ಕೊಯ್ದರು. ಅದನ್ನು ಬದಲಾಯಿಸಲು ತಾವು ಹೇಳಲಿಲ್ಲ. ಡಕಾಯಿತಿ ನೋಡಿ ಯಾರೂ ಡಕಾಯಿತರಾಗುವುದಿಲ್ಲ, ಹುಲಿ ಬೇಟೆ ನೋಡಿ ಯಾರೂ ಹುಲಿ ಹುಡುಕಿಕೊಂಡು ಹೋಗುವುದಿಲ್ಲ, ಆದರೆ ಒಬ್ಬ ಹೆಂಗಸು ಹೊಸ್ತಿಲು ದಾಟಿದ್ದನ್ನು ಕಂಡರೆ ತಾಲೂಕಿನ ಹೆಂಗಸರೆಲ್ಲ ದಾಟಿಬಿಡುತ್ತಾರೆ, ಇದೇ ಅಲ್ಲವೇ ತಮ್ಮ ಭಯ? ಹಾಗಾದರೆ ಅಷ್ಟು ಮನೆಗಳಲ್ಲಿ ಅಷ್ಟು ಹೆಂಗಸರಿಗೆ ದಾಟುವ ಕಾರಣ ಇದೆಯೆಂದು ತಮಗೆ ಮೊದಲೇ ಗೊತ್ತಿತ್ತೆಂದಾಯಿತು. ಗೊತ್ತಿದ್ದವರು ಹೆಂಗಸಿನ ಮಾತು ತಿದ್ದುವ ಬದಲು ಗಂಡಸಿನ ಕಾಲು ತಿದ್ದಬಹುದಿತ್ತು. ಅದಕ್ಕೆ ಮೇಲಿನಿಂದ ಹುಕುಂ ಬಂದಿರಲಿಲ್ಲವೇನೋ.

ನಾನು ಬದಲಾಯಿಸಿದೆ. ಕೋಲನ್ನು ಅವಳ ಮುಖಕ್ಕೆ ಚಾಚಿ ಕೂಗಿದೆ: "ಸ್ವಾಮಿ, ನಂದ ತಪ್ಪಾತು. ಒದ್ದು ನಿಮ್ಮ ಕಾಲು ನೊಂದಿದ್ರ ಕೊಡ್ರಿ, ಒತ್ತತೀನಿ!" ಗಂಟು ಹೊತ್ತು ಹೊರಟವಳನ್ನು ಏನು ಮಾಡುವುದು? ಅದಕ್ಕೂ ಹೊಳೆಯಿತು: "ಗಂಡನ ಆಯುಷ್ಯಕ್ಕ ಹರಕಿ ಹೊತ್ತು ಗುಡಿಗೆ ಹೊಂಟಾಳ ನೋಡ್ರಿ!" ಗಂಡಸರು ಸಿಳ್ಳು ಹಾಕಿದರು. ಗುಡಿಗೆ ಹೋದವಳು ಚಿತ್ರ ಮುಗಿಯುವ ತನಕ ಯಾಕೆ ಬರಲಿಲ್ಲವೆಂದು ಒಬ್ಬ ಮಹಾರಾಯನೂ ಕೇಳಲಿಲ್ಲ. ಅಂದು ನನಗೆ ನನ್ನ ಜಾಣತನದ ಬಗ್ಗೆ ಹೆಮ್ಮೆಯೇ ಆಗಿತ್ತು. ತಂಬುವಿನಲ್ಲಿ ಆಡಿದ ಮಾತು ತಂಬುವಿನಲ್ಲೇ ಉಳಿಯುತ್ತದೆಂದು ತಿಳಿದಿದ್ದೆ.

ಪರದೆಯ ಹಿಂದೆ ನನ್ನ ಮಗಳು ಕಳಕಮ್ಮ ಕೂತಿದ್ದಳು. ಹನುಮಸಾಗರಕ್ಕೆ ಕೊಟ್ಟ ಮಗಳು, ಎಂಟು ದಿನಕ್ಕೆಂದು ತವರಿಗೆ ಬಂದಿದ್ದಳು. ಬೆನ್ನಿನ ಬಾಸುಂಡೆಗಳನ್ನು ಅವಳ ತಾಯಿಗೆ ತೋರಿಸಿದ್ದಳು. ಪಕ್ಕದಲ್ಲಿ ನಮ್ಮ ಹಿತ್ತಲ ಮನೆಯ ಖೈರುನಬಿ ಇದ್ದಳು. ಅವಳ ಮನೆಮಾತು ಉರ್ದು. ನಾನು ಮುಂದೆ ಸುಳ್ಳು ಕೂಗುತ್ತಿದ್ದಾಗ ಅವಳು ಹಿಂದೆ ಕಳಕಮ್ಮನ ಕಿವಿಯಲ್ಲಿ ನಿಜ ಹೇಳಿದಳಂತೆ. ಮರುದಿನ ಮಗಳು ಹನುಮಸಾಗರಕ್ಕೆ ಹೋಗುವುದಿಲ್ಲವೆಂದಳು. ವಾರದೊಳಗೆ ಬೀಗರು ಬಂದು ಚಾವಡಿಯಲ್ಲಿ ಹಿರಿಯರನ್ನು ಕೂಡಿಸಿದರು.

ಹಿರಿಯ ದೇವೇಂದ್ರಪ್ಪನವರು ಆ ಚಿತ್ರವನ್ನು ಮೂರು ಸಲ ನೋಡಿದ್ದರು. "ಸರದಾರನ ಹೆಂಡತೀನ ಗಂಡನ ಕಾಲು ಒತ್ಯಾಳ. ನೀ ಆಕಿಗಿಂತ ದೊಡ್ಡಾಕಿ ಏನವಾ? ನಿಮ್ಮಪ್ಪನ ಬಾಯಿಲೇನ ಕೇಳೇವಿ" ಅಂದರು.

ಕಂಬದ ಮರೆಯಲ್ಲಿದ್ದ ಕಳಕಮ್ಮ ಮುಂದೆ ಬಂದಳು. "ಆಕಿ ಹಂಗ ಅಂದಿಲ್ಲರಿ. ಈ ಮನಿಗೆ ನಾ ಇಲ್ಲ ಅಂತ ಅಂದು ಹೋಗ್ಯಾಳ. ಖೈರುನಬಿ ಅಕ್ಕ ನನಗ ಅಲ್ಲೇ ಹೇಳ್ಯಾಳ. ಅಪ್ಪಾ, ಖರೇ ಏನಂದ್ಲು, ನೀನ ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ತಂಬುವಿನ ಮಾಲಕ ಅಲ್ಲೇ ಕೂತಿದ್ದ. ಇಜಾಜತ್ತನ್ನು ಇನ್ನೊಂದು ತಿಂಗಳಿಗೆ ಮುಂದುವರಿಸುವ ಕಾಗದ ತಮ್ಮ ಮೇಜಿನ ಮೇಲಿತ್ತು. ನಾನು ಅಂದೆ: "ತಂಬುದಾಗ ನಾ ಹೇಳಿದ್ದ ಖರೇರಿ."

ಕಳಕಮ್ಮ ಬೀಗರ ಚಕ್ಕಡಿ ಹತ್ತಿದಳು. ಎರಡು ತಿಂಗಳಿಗೆ ಅವಳ ಎಡಗೈ ಮುರಿದ ಸುದ್ದಿ ಬಂತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೋಲು ಬಿಸಾಕಿ ಹಿರಿಯರ ಬಳಿಗೆ ಓಡಿದೆ, ನಾನು ಹೇಳಿದ್ದು ಸುಳ್ಳು, ಬದಲಾಯಿಸಲು ಹೇಳಿದವರು ಸಾಹೇಬರು ಎಂದೆ. ದೇವೇಂದ್ರಪ್ಪನವರು ನಕ್ಕರು. "ಅವತ್ತ ಖರೇ ಅಂದಿ, ಇವತ್ತ ಸುಳ್ಳ ಅಂತಿ. ಮಗಳು ಅಂತ ಮಾತು ತಿರುಗಸ್ತಿ. ಬದಲ್ ಮಾಡಿಸಿದ್ದು ಸರಕಾರ ಅಂದ್ರ ಸರಕಾರದ ಕಾಗದ ತಾ, ಆವಾಗ ಮತ್ತ ಕೂಡೂಣು." ಖೈರುನಬಿಯ ಸಾಕ್ಷಿ ಕೇಳಿರೆಂದೆ. ಹೆಂಗಸಿನ ಮಾತನ್ನು ಚಾವಡಿ ಕೇಳುವುದಿಲ್ಲವಂತೆ, ಚಿತ್ರದ ಹೆಂಗಸಿನದನ್ನು ಮಾತ್ರ ಕೇಳುತ್ತದೆ, ಅದೂ ಗಂಡಸಿನ ಬಾಯಿಂದ.

ಆ ಕಾಗದಕ್ಕಾಗಿ ನಾಲ್ಕು ಸಲ ತಮ್ಮ ಕಚೇರಿಗೆ ಬಂದೆ. "ಸಿನೆಮಾದಾಗಿನ ಹೆಂಗಸು ಏನಂದ್ಲು ಅಂತ ಬರದುಕೊಡೂದು ಯಾವ ಕಾನೂನಿನ್ಯಾಗ ಐತೋ?" ಎಂದು ತಮ್ಮ ಗುಮಾಸ್ತರು ಕೇಳಿದರು. ಅವಳ ಮಾತು ಬದಲಾಯಿಸುವುದು ಯಾವ ಕಾನೂನಿನಲ್ಲಿದೆಯೆಂದು ನಾನು ಕೇಳಲಿಲ್ಲ. ಆಗಲೂ ಹೆದರಿದೆ, ಈಗ ಕೇಳುತ್ತಿದ್ದೇನೆ.

ಹೋದ ಸೋಮವಾರ ಹನುಮಸಾಗರಕ್ಕೆ ಹೋಗಿದ್ದೆ. ಸೊಟ್ಟಗೆ ಕೂಡಿದ ಕೈಯಿಂದಲೇ ಮಗಳು ನೀರಿನ ತಂಬಿಗೆ ತಂದಿಟ್ಟಳು. ಕಾಗದಕ್ಕಾಗಿ ಓಡಾಡುತ್ತಿದ್ದೇನೆ, ನಿಜವನ್ನು ಊರ ಮುಂದೆ ಹೇಳುತ್ತೇನೆ ಎಂದೆ. ಅವಳು ನನ್ನ ಮುಖ ನೋಡಿ ಕೇಳಿದಳು: "ಖರೇ ಹೇಳಾಕ ಈಗ ನಿನಗ ಇಜಾಜತ್ ಸಿಕ್ಕಿತೇನಪಾ?"

ಇಜಾಜತ್ತು ಕೊಡುವವರು ತಾವು, ಇದಕ್ಕೆ ಉತ್ತರವನ್ನೂ ತಾವೇ ಕೊಡಿ. ಮೊಹರು ಹಾಕಿದ ಒಂದೇ ಸಾಲಿನ ಕಾಗದ ಸಾಕು: "ಸರದಾರನ ಹೆಂಡತಿ ಕಾಲು ಒತ್ತಲಿಲ್ಲ, ಮನೆ ಬಿಟ್ಟು ಹೋದಳು." ತಾವು ಇದನ್ನು ಬರೆಯುವುದಿಲ್ಲವೆಂದು ಬಲ್ಲೆ. ಬರೆದರೂ ಹಿರಿಯರು ಬೇರೊಂದು ಕಾಗದ ಕೇಳಿಯಾರು. ಅವರೂ ಒಪ್ಪಿದರೆ, ಕರೆಯಲು ಬಂದ ಈ ತಂದೆಯ ಮಾತನ್ನು ನಂಬಿ ನನ್ನ ಮಗಳು ಚಕ್ಕಡಿ ಹತ್ತುತ್ತಾಳೆಂಬ ಭರವಸೆ ನನಗೇ ಇಲ್ಲ. ಆದರೂ ಬರೆದುಕೊಡಿ.

ಇಂತಿ,
ತಮ್ಮ ಹುಕುಮನ್ನು ಒಂದಕ್ಷರ ತಪ್ಪದೆ ಪಾಲಿಸಿದ,
ಕಳಕಮ್ಮನ ತಂದೆ ಎನ್ನಿಸಿಕೊಳ್ಳಲು ನಾಚುವ
ಈಶಪ್ಪ
ಕುಷ್ಟಗಿ, 1944